ಎಲ್ಲಿಗೆ ಎಂದು ಕೇಳಬಾರದ ಪ್ರವಾಸ

ಮಾತು ಹುಟ್ಟಿದ್ದು ಸೊರಬದಲ್ಲಿ, ನನ್ನ ಅತ್ತೆಯ ಮನೆಯಲ್ಲಿ, ಗೌರಿ ಹಬ್ಬದ ಊಟ ಮುಗಿದ ಮೇಲೆ. ಅಲ್ಲಿದ್ದವರು ಇಷ್ಟು ಜನ: ಅಡುಗೆಮನೆಯ ಬಾಗಿಲ ಮರೆಯಲ್ಲಿ ನಮ್ಮ ಅತ್ತೆ, ಅವರ ಪಕ್ಕದಲ್ಲಿ ನನ್ನ ಹೆಂಡತಿ ಗಿರಿಜೆ, ಎಲೆಅಡಿಕೆ ತಟ್ಟೆಯ ಈ ಕಡೆ ನಾನು, ಆ ಕಡೆ ಗಿರಿಜೆಯ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ, ಅದೇ ಊರಿನ ಚನ್ನಬಸಪ್ಪ.

ಚನ್ನಬಸಪ್ಪ ಆಗಷ್ಟೇ ಜೋಗ ನೋಡಿ ಬಂದಿದ್ದ. ಬಂದವನು ಸುಮ್ಮನೆ ಎಲೆ ಹಾಕಿಕೊಳ್ಳಬಾರದೇ?

"ಮನುಷ್ಯ ಅಂದ್ಮೇಲೆ ಒಮ್ಮೆಯಾದ್ರೂ ಜೋಗ ನೋಡ್ಬೇಕು ಮೇಷ್ಟ್ರೇ" ಎಂದ. "ಅಲ್ಲ, ನೀವು ಭೂಗೋಳ ಕಲಿಸೋರು. ನೋಡೇ ಇರ್ತೀರಿ ಬಿಡಿ."

ನೋಡಿರಲಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಶಿಕಾರಿಪುರದ ಮಿಡ್ಲ್ ಸ್ಕೂಲಿನ ಕರಿಹಲಗೆಯ ಮೇಲೆ ವರ್ಷವರ್ಷವೂ ಸೀಮೆಸುಣ್ಣದಲ್ಲಿ ಶರಾವತಿಯನ್ನು ಧುಮುಕಿಸಿದವನು ನಾನು. ಆದರೆ ಅದರ ಒಂದು ಹನಿಯೂ ನನ್ನ ಮೈಮೇಲೆ ಬಿದ್ದಿರಲಿಲ್ಲ. ಈ 'ಒಮ್ಮೆಯಾದರೂ' ಎಂಬ ಮಾತನ್ನು ಮೊದಲು ಆಡಿದವನು ಯಾರೋ, ನನ್ನ ಕೈಗೆ ಸಿಗಬೇಕು! ಬೇಲೂರು ಒಮ್ಮೆಯಾದರೂ, ಗೋಳಗುಮ್ಮಟ ಒಮ್ಮೆಯಾದರೂ, ಮೈಸೂರು ದಸರಾ ಒಮ್ಮೆಯಾದರೂ. ಮನುಷ್ಯ ಹೀಗೆ ಒಮ್ಮೆಯಾದರೂ ನೋಡುತ್ತಲೇ ತಿರುಗಿದರೆ ಮನೆಯಲ್ಲಿರುವುದು ಯಾವಾಗ? ಜೋಗವೇನು ನಮ್ಮನ್ನು ಒಮ್ಮೆಯಾದರೂ ನೋಡಬೇಕೆಂದು ಹೊರಟು ಬಂದಿದೆಯೇ?

ಈ ಪ್ರಶ್ನೆಗಳನ್ನು ಅಲ್ಲಿಯೇ ಕೇಳಿಬಿಡುತ್ತಿದ್ದೆ. ಅಷ್ಟರಲ್ಲಿ ಬಾಗಿಲ ಮರೆಯಿಂದ ಅತ್ತೆಯ ದನಿ ಬಂತು.

"ಗಿರಿಜಾ, ನಂಗೂ ಕಣ್ಣಿಗೆ ಪೊರೆ ಬರ್ತಾ ಇದೆ. ಪೂರ್ತಿ ಮುಚ್ಚೋದ್ರೊಳಗೆ ಜೋಗ ನೋಡೋ ಯೋಗ ಇದೆಯೋ ಇಲ್ವೋ, ಕೇಳು."

ನಮ್ಮ ಅತ್ತೆ ಹಳೆಯ ಕಾಲದವರು. ಅಳಿಯಂದಿರ ಮುಖಕ್ಕೆ ನೇರವಾಗಿ ಮಾತಾಡಿದವರಲ್ಲ. ಹೇಳುವುದನ್ನೆಲ್ಲ ಮಗಳ ಮೂಲಕವೇ ಹೇಳಿಸುತ್ತಿದ್ದರು. 'ಕೇಳು' ಎಂದರೇ ಹೊರತು ಯಾವ ಅಳಿಯನನ್ನು ಕೇಳಬೇಕು ಎಂದು ಹೇಳಲಿಲ್ಲ. ಚನ್ನಬಸಪ್ಪ ಬಾಯಲ್ಲಿದ್ದ ಎಲೆಯನ್ನು ಒಂದು ದವಡೆಗೆ ಸರಿಸುವಷ್ಟರಲ್ಲಿ ನಾನು ಎದ್ದು ನಿಂತಿದ್ದೆ.

"ಬರುವ ಭಾನುವಾರ ನಾನೇ ತೋರಿಸುತ್ತೇನೆ ಅಂತ ಹೇಳು. ಬಸ್ಸಿನಲ್ಲಲ್ಲ, ಪ್ಲೆಷರ್ ಕಾರಿನಲ್ಲಿ."

ಚನ್ನಬಸಪ್ಪ ಎಲೆ ಅಗಿಯುವುದನ್ನು ನಿಲ್ಲಿಸಿದ. ಆ ನೋಟವೊಂದಕ್ಕೇ ನನ್ನ ಜೋಗದ ಯಾತ್ರೆ ಸಾರ್ಥಕವಾಗಿತ್ತು. ಅಲ್ಲಿಗೇ ನಿಲ್ಲಿಸಬೇಕಿತ್ತು.

ಅತ್ತೆಯನ್ನು ನಮ್ಮ ಜೊತೆಗೇ ಶಿಕಾರಿಪುರಕ್ಕೆ ಕರೆದುಕೊಂಡು ಬಂದೆವು. ಶಿರಾಳಕೊಪ್ಪದ ಸಂತೆಗೆ ಹೋದಾಗ ಬುಡೇನ್ ಸಾಬ್ ಎಂಬವನ ಬಾಡಿಗೆ ಕಾರು ಗೊತ್ತು ಮಾಡಿದೆ. "ಭಾನುವಾರ ಬೆಳಿಗ್ಗೆ ಬಾ ಮಾರಾಯ, ದೂರ ಹೋಗುವುದಿದೆ" ಎಂದೆನೇ ಹೊರತು ಊರಿನ ಹೆಸರು ಹೇಳಲಿಲ್ಲ. ಹೊರಡುವ ಮುಂಚೆ ಊರೆಲ್ಲ ಹೇಳಿಕೊಂಡು ತಿರುಗಿದರೆ ಕೆಲಸ ಕೆಡುತ್ತದೆ ಎಂದು ಅತ್ತೆಯ ಕಟ್ಟಪ್ಪಣೆಯಾಗಿತ್ತು.

ಇನ್ನು ಹೊರಟ ಗಳಿಗೆಯ ನಿಯಮ ಓದುಗರಿಗೆ ತಿಳಿದದ್ದೇ. ಮನೆಯಿಂದ ಕಾಲು ಹೊರಗಿಟ್ಟವರನ್ನು 'ಎಲ್ಲಿಗೆ' ಎಂದು ಕೇಳಬಾರದು. ತಿಳಿದವರು 'ದೂರ ಹೊರಟ್ರಾ?' ಎನ್ನುತ್ತಾರೆ. ತಿಳಿಯದವರು 'ಎಲ್ಲಿಗೆ' ಎಂದರೆ ತಿರುಗಿ ಒಳಗೆ ಬಂದು, ಒಂದು ಗಳಿಗೆ ಕುಳಿತು, ನೀರು ಕುಡಿದು, ಮತ್ತೆ ಹೊರಡಬೇಕು. ಹಿರಿಯರು ಹೇಳಿದ ಮಾತು, ನಾನೂ ಒಪ್ಪುತ್ತೇನೆ. ಆದರೆ ಆ ಹಿರಿಯರು ನಮ್ಮ ಬೀದಿಯಲ್ಲಿ ಒಂದು ದಿನ ವಾಸ ಮಾಡಿ ಆಮೇಲೆ ನಿಯಮ ಮಾಡಬೇಕಿತ್ತು.

ಭಾನುವಾರ ನಾನು ಮದುವೆಯ ಕೋಟು ತೊಟ್ಟು ಹೊಸ್ತಿಲು ದಾಟಿದೆ. ಪಕ್ಕದ ಮನೆಯ ನೀಲಮ್ಮ ಬಾಗಿಲಿಗೆ ನೀರು ಹಾಕುತ್ತಿದ್ದವಳು ತಲೆ ಎತ್ತಿದಳು.

"ಏನ್ರೀ ಮೇಷ್ಟ್ರ, ಎಲ್ಲಾರೂ ಕೂಡಿ ಎಲ್ಲಿಗ್ ಹೊಂಟೀರಿ?"

ಒಳಗೆ ಬಂದೆವು. ಕುಳಿತೆವು. ನೀರು ಕುಡಿದೆವು.

ಎರಡನೆಯ ಸಲ ನೀಲಮ್ಮ ಒಳಗೆ ಹೋಗುವುದನ್ನು ಕಿಟಕಿಯಿಂದ ಕಾದು ಹೊರಟೆವು. ಕಾರು ಹತ್ತಿದೆವು, ಬುಟ್ಟಿ ಇಟ್ಟೆವು. ಬುಡೇನ್ ಸಾಬ್ ಪಕ್ಕದಲ್ಲಿ ಕೂತ ನನ್ನ ಕಡೆ ತಿರುಗಿ ಬಹಳ ಮರ್ಯಾದೆಯಿಂದ, "ಎಲ್ಲಿಗ್ರಿ ಮೇಷ್ಟ್ರ?" ಎಂದ.

ಡ್ರೈವರ್ ಕೇಳಬೇಕಾದ ಪ್ರಶ್ನೆ ಅದೇ ಎಂದು ನಾನು ವಾದಿಸಿದೆ. ಅತ್ತೆ ಆಗಲೇ ಕಾರಿನಿಂದ ಇಳಿದಿದ್ದರು.

ಮತ್ತೆ ನೀರು ಕುಡಿದು ಬಂದವನು ಬುಡೇನ್ ಸಾಬ್‌ನನ್ನು ಬೇಲಿಯ ಪಕ್ಕಕ್ಕೆ ಕರೆದೆ. ಹೆಸರು ಎತ್ತದೆ ವಿಷಯ ತಿಳಿಸುವ ಕಲೆ ಹದಿನೈದು ವರ್ಷ ಮೇಷ್ಟ್ರಾಗಿದ್ದವನಿಗೆ ಬರದೆ ಇರುತ್ತದೆಯೇ? ಮಕ್ಕಳಿಗೆ ಒಗಟು ಹೇಳುವಂತೆ ಹೇಳಿದೆ.

"ನೋಡು ಮಾರಾಯ, ಸೊರಬದ ಮೇಲೆ ಹೋಗಬೇಕು. ಈ ಮಳೆಗಾಲದಲ್ಲಿ ಜನ ನೋಡೋಕೆ ಹೋಗ್ತಾರಲ್ಲ, ಅದು. ದೊಡ್ಡ ನೀರು. ಕಣ್ಣು ಹಾಯ್ದಷ್ಟೂ ಬೆಳ್ಳಗೆ. ಹತ್ತಿರ ಹೋದರೆ ಕಿವಿ ಕಿತ್ತು ಹೋಗೋ ಹಂಗೆ ಗದ್ದಲ. ತಿಳೀತಾ?"

ಬುಡೇನ್ ಸಾಬ್‌ನ ಮುಖ ಅರಳಿತು. "ತಿಳೀತು ಬಿಡ್ರಿ! ಮೊನ್ನೆ ಒಂದ್ ಪಾರ್ಟಿನ ಅಲ್ಲಿಗೇ ಒಯ್ದಿದ್ದೆ."

ಇಷ್ಟು ಚುರುಕಾದ ವಿದ್ಯಾರ್ಥಿ ನನ್ನ ತರಗತಿಯಲ್ಲಿ ಒಬ್ಬನೂ ಇರಲಿಲ್ಲ. ಸಂತೋಷದಿಂದ ಕಾರು ಹತ್ತಿದೆ.

ಶಿರಾಳಕೊಪ್ಪದಲ್ಲಿ ಟೈರು ಪಂಕ್ಚರಾಗಿ ಅಲ್ಲೇ ಮಧ್ಯಾಹ್ನವಾಯಿತು. ಅದು ದೇವರ ಇಚ್ಛೆ. ಅದಕ್ಕೆ ನಾನು ಸಿಟ್ಟಾಗಲಿಲ್ಲ. ಸಿಟ್ಟು ಬಂದದ್ದು ಸೊರಬದಲ್ಲಿ. ಕಾರು ಬಸ್ ನಿಲ್ಲುವ ಜಾಗದ ಮುಂದೆ ನಿಧಾನವಾಗಿ ಹೋಗಲಿ ಎಂದು ಅತ್ತೆ ಹೇಳಿಸಿದರು. ತಮ್ಮೂರಿನ ಜನ ತಮ್ಮನ್ನು ಪ್ಲೆಷರ್ ಕಾರಿನಲ್ಲಿ ಒಮ್ಮೆಯಾದರೂ ನೋಡಬೇಕಲ್ಲ! ಜನ ನೋಡಿದರು. ಚನ್ನಬಸಪ್ಪನೂ ನೋಡಿದ. ನೋಡಿದವನು ಓಡಿ ಬಂದು ಕಿಟಕಿಯೊಳಗೆ ತಲೆ ಹಾಕಿದ.

"ಓಹೋ, ಸವಾರಿ ಎಲ್ಲಿಗೆ ಹೊರಟಿತು?"

ಅವನಿಗೆ ಗೊತ್ತಿತ್ತು ಸ್ವಾಮಿ! ಜೋಗಕ್ಕೆ ಎಂದು ಅವನ ಎದುರಿಗೇ ನಾನು ಹೇಳಿದ್ದೆ. ಗೊತ್ತಿದ್ದೂ ಕೇಳಿದನಲ್ಲ, ಅದನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಅತ್ತೆಯ ಮನೆ ಊರಿನ ಆ ತುದಿಗೆ. ಅಲ್ಲಿಯವರೆಗೆ ಹೋಗಿ ಬರಲು ಹೊತ್ತಿಲ್ಲ. ಕೊನೆಗೆ ಎದುರಿನ ಹೋಟೆಲಿನ ಬೆಂಚಿನ ಮೇಲೆ ಮೂವರೂ ಸಾಲಾಗಿ ಕುಳಿತು ಒಂದೊಂದು ಲೋಟ ನೀರು ಕುಡಿದೆವು.

"ತಿಂಡಿ ಏನ್ ಕೊಡ್ಲಿ?" ಎಂದ ಹೋಟೆಲಿನವನು.

"ಏನೂ ಬೇಡ. ನೀರಿಗೇ ಬಂದಿದ್ದು."

"ನೀರಿಗೆ ಕಾರಲ್ಲಿ ಬಂದ್ರಾ?" ಎಂದು ಅವನು ಒಳಗೆ ಹೋದ.

ಸೊರಬ ಬಿಟ್ಟ ಮೇಲೆ ನನಗೆ ಮೊದಲ ಅನುಮಾನ ಬಂತು. ನನ್ನ ಭೂಗೋಳದ ಪ್ರಕಾರ ನಾವು ಸಾಗರದ ರಸ್ತೆ ಹಿಡಿಯಬೇಕಿತ್ತು. ಬುಡೇನ್ ಸಾಬ್ ಅದರ ಕಡೆ ತಿರುಗಿಯೂ ನೋಡದೆ ಬೇರೊಂದು ರಸ್ತೆಗೆ ಕಾರು ತಿರುಗಿಸಿದ. ನಾನು ಅವನ ಕಡೆ ಬಾಗಿದೆ.

"ಬುಡೇನ್ ಸಾಬ್, ಈ ರಸ್ತೆ..."

ಹಿಂದಿನ ಸೀಟಿನಿಂದ ಅತ್ತೆ ಕೂಡಲೇ, "ಗಿರಿಜಾ, ಅಳಿಯಂದಿರು ಏನೋ ಕೇಳೋ ಹಂಗಿದೆ" ಎಂದರು.

"ರೀ, ಬಾಯಿ ಮುಚ್ಕೊಂಡು ಕೂತ್ಕೊಳ್ರಿ" ಎಂದಳು ಗಿರಿಜೆ. "ಕೇಳಿದ್ರೆ ಮತ್ತೆ ನೀರು ಕುಡೀಬೇಕು. ನನ್ ಹೊಟ್ಟೇಲಿ ಜಾಗ ಇಲ್ಲ."

ನಾನು ಬಾಯಿ ಮುಚ್ಚಿದೆ. ಎಲ್ಲಿಗೆ ಹೋಗುತ್ತಿದ್ದೇನೆ ಎಂದು ಕೇಳುವ ಹಕ್ಕು ಈ ದೇಶದಲ್ಲಿ ಬಸ್ಸಿನ ಕಂಡಕ್ಟರಿಗಿದೆ, ಪೊಲೀಸಿನವನಿಗಿದೆ. ಕಾರನ್ನು ಬಾಡಿಗೆಗೆ ಹಿಡಿದವನಿಗೆ ಮಾತ್ರ ಇಲ್ಲ. ಪ್ರತಿ ತಿರುವಿನಲ್ಲೂ ಒಂದು ಪ್ರಶ್ನೆ ನನ್ನ ಗಂಟಲವರೆಗೆ ಬಂದು ಹಿಂದಕ್ಕೆ ಹೋಗುತ್ತಿತ್ತು. ಯಾವುದೋ ಹೊಸ ಒಳದಾರಿ ಇರಬೇಕು, ಪಠ್ಯಪುಸ್ತಕಕ್ಕೆ ಇನ್ನೂ ಬಂದಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಕಾರು ನಿಂತಿತು. ಮುಂದೆ ಒಂದು ಕೆರೆ. ಕೆರೆಯ ತುಂಬ ನೀರಿನಲ್ಲಿ ಮುಳುಗಿ ನಿಂತ ಮರಗಳು. ಮರಗಳ ತುಂಬ ಬೆಳ್ಳಕ್ಕಿಗಳು. ಎಲೆ ಕಾಣದಷ್ಟು ಹಕ್ಕಿ, ಮಾತು ಕೇಳದಷ್ಟು ಕೂಗಾಟ.

"ಗುಡವಿ ಕೆರೆ ಬಂತು, ಇಳೀರಿ" ಎಂದು ಬುಡೇನ್ ಸಾಬ್ ಆ ಗದ್ದಲದಲ್ಲಿ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದ.

ನಾನು ಅವನನ್ನು ಕಾರಿನ ಹಿಂದಕ್ಕೆ ಎಳೆದುಕೊಂಡು ಹೋದೆ. "ಇದೇನಯ್ಯ ಇದು? ಜೋಗಕ್ಕೆ ಅಲ್ವೇನಯ್ಯ ನಾನು ಹೇಳಿದ್ದು?"

"ಜೋಗ ಅಂತ ಯಾವಾಗ ಅಂದ್ರಿ?" ಎಂದ ಅವನು, ನನಗಿಂತ ಹೆಚ್ಚು ನೊಂದವನಂತೆ. "ದೊಡ್ಡ ನೀರು ಅಂದ್ರಿ, ಐತಿ. ಬೆಳ್ಳಗೆ ಅಂದ್ರಿ, ಐತಿ. ಗದ್ದಲ ಅಂದ್ರಿ. ಕೇಳಸ್ತಿಲ್ಲೇನ್ರಿ?"

"ಈಗಲೇ ಹೊರಟರೆ?"

ಅವನು ಸೂರ್ಯನ ಕಡೆ ನೋಡಿದ. "ತಿರುಗಿ ಸೊರಬ, ಆಮೇಲೆ ಸಾಗರ, ಆಮೇಲೆ ಜೋಗ. ಈ ಕೆಸರಿನಾಗ ಮುಟ್ಟೋದ್ರಾಗ ಕತ್ತಲಾಗ್ತೈತಿ. ಕತ್ತಲಾಗ ಏನ್ ನೋಡ್ತೀರಿ?"

ಅತ್ತೆಗೆ ಏನು ಹೇಳುವುದು? ಪೊರೆ ಬರುತ್ತಿರುವ ಕಣ್ಣು, ಚನ್ನಬಸಪ್ಪನ ಎದುರು ಕೊಟ್ಟ ಮಾತು. ಕಾಲು ಎಳೆಯುತ್ತ ಏರಿಯ ಮೇಲೆ ಹೋದೆ. ಅತ್ತೆ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ಕೆರೆಯ ಕಡೆಗೆ ನೋಡುತ್ತ ನಿಂತಿದ್ದರು.

"ಅಬ್ಬಾ, ಎಷ್ಟು ಬೆಳ್ಳಗಿದೆ! ಎಂಥಾ ಭೋರ್ಗರೆತ! ಗಿರಿಜಾ, ಜೋಗ ಇದೇನಾ, ಕೇಳು."

ಗಿರಿಜೆ ನನ್ನ ಮುಖ ನೋಡಿದಳು. ನಾನು ಗಿರಿಜೆಯ ಮುಖ ನೋಡಿದೆ.

"ಹೂಂ ಅನ್ನು" ಎಂದೆ.

"ನೀವೇ ಅನ್ರಿ. ನಂಗೆ ಪಾಪ ಬೇಡ."

"ಹೂಂ" ಎಂದೆ.

ಒಂದು 'ಹೂಂ'ನ ಹಿಂದೆ ಎಷ್ಟು ಸುಳ್ಳುಗಳು ಸರದಿಯಲ್ಲಿ ನಿಂತಿರುತ್ತವೆ ಎಂದು ನನಗೆ ಆಗ ತಿಳಿದಿರಲಿಲ್ಲ. ಅತ್ತೆ ಸೆರಗನ್ನು ಮೂಗಿಗೆ ಹಿಡಿದರು. ಭಕ್ತಿ ಉಕ್ಕಿ ಬಂದಿರಬೇಕು ಎಂದುಕೊಂಡೆ.

"ನಾಲ್ಕು ಧಾರೆ ಅಂತಾರಲ್ಲ. ಯಾವುದು ಯಾವುದು ಅಂತ ಕೇಳು."

ನಾನು ಮೇಷ್ಟ್ರ ಬೆತ್ತದಂತೆ ಕೈ ಚಾಚಿ, ನೀರಿನಲ್ಲಿದ್ದ ಮರಗಳನ್ನು ಒಂದೊಂದಾಗಿ ತೋರಿಸಿದೆ. ಎತ್ತರದ ಮರ ರಾಜ. ಅದರ ಪಕ್ಕದ್ದು ರಾಣಿ. ಹೆಚ್ಚು ಕೂಗುತ್ತಿದ್ದದ್ದು ರೋರರ್. ಉಳಿದದ್ದು ರಾಕೆಟ್.

ಅದೇ ಗಳಿಗೆಯಲ್ಲಿ ರಾಜನ ಮೇಲಿದ್ದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು.

"ರಾಜ ಮೇಲಕ್ಕೆ ಹೋದ ಹಂಗೆ ಕಾಣ್ತಲ್ಲ?"

"ಗಾಳಿ. ಗಾಳಿಗೆ ನೀರು ಮೇಲಕ್ಕೆ ಚಿಮ್ಮುತ್ತದೆ ಅಂತ ಹೇಳು."

ಚಿಮ್ಮಿದ ರಾಜ ನಮ್ಮ ತಲೆಯ ಮೇಲೆ ಒಂದು ಸುತ್ತು ಹಾಕಿ ಹೋದ. ನನ್ನ ಮದುವೆಯ ಕೋಟಿನ ಹೆಗಲಿನಿಂದ ಜೇಬಿನವರೆಗೆ ಬೆಳ್ಳಗೆ ಇಳಿಯಿತು. ಅತ್ತೆಯ ಮುಂಗೈಯ ಮೇಲೂ ಒಂದು ಹನಿ ಬಿತ್ತು. ಅವರು ಅದನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಗಿರಿಜಾ, ಜೋಗದ ತುಂತುರು ಬೆಚ್ಚಗಿರುತ್ತಾ, ಕೇಳು."

ಗಿರಿಜೆ ಕೇಳಲಿಲ್ಲ. ಮುಖಕ್ಕೆ ಸೆರಗು ಮುಚ್ಚಿಕೊಂಡು ಕಾರಿನ ಹಿಂದಕ್ಕೆ ಓಡಿದಳು. ಬುಡೇನ್ ಸಾಬ್ ಆಗಲೇ ಅಲ್ಲಿ ನಗುತ್ತ ಕೂತಿದ್ದ. ನನಗೆ ಬಂದ ಸಿಟ್ಟು ಹೇಳತೀರದು. ಪ್ರಶ್ನೆ ಕೇಳಬಾರದು ಎಂದು ನಿಯಮ ಮಾಡಿದವರೇ ಇಷ್ಟು ಪ್ರಶ್ನೆ ಕೇಳುವುದು ಯಾವ ನ್ಯಾಯ?

ಬುಟ್ಟಿಯಲ್ಲಿದ್ದ ಬುತ್ತಿಯನ್ನು ಏರಿಯ ಮೇಲೇ ಬಿಚ್ಚಿ ತಿಂದು, ಅತ್ತೆಯನ್ನು ಸೊರಬದ ಮನೆಯಲ್ಲಿ ಇಳಿಸಿ ಊರಿಗೆ ಮರಳಿದೆವು.

ಅತ್ತೆ ಸೊರಬದ ತುಂಬ ಹೇಳಿಕೊಂಡು ಬಂದರು: ಚಿಕ್ಕ ಅಳಿಯಂದಿರು ಜೋಗ ತೋರಿಸಿದರು, ಕಾರಿನಲ್ಲಿ, ಒಂದೊಂದು ಧಾರೆಯನ್ನೂ ಬೆರಳಿಟ್ಟು ತೋರಿಸಿದರು. ಕೇಳಿದ ಚನ್ನಬಸಪ್ಪ ಕರಕಲಾದ. ಅವನ ಮುಖ ನೋಡಿ ನನಗೆ ಹಿಗ್ಗೇ ಹಿಗ್ಗು. ಜನ ಜೋಗದ ವಿಷಯ ಕೇಳಿದರೆ ನಾನೂ ವರ್ಣಿಸುತ್ತಿದ್ದೆ. ಬೆಚ್ಚಗಿನ ತುಂತುರಿನ ಭಾಗವನ್ನು ಮಾತ್ರ ಬಿಡುತ್ತಿದ್ದೆ.

ಆಮೇಲೆ ಅತ್ತೆಗೆ ಶಿವಮೊಗ್ಗದಲ್ಲಿ ಕಣ್ಣಿನ ಆಪರೇಷನ್ ಆಯಿತು. ದಪ್ಪ ಗಾಜಿನ ಕನ್ನಡಕ ಬಂತು. ಎಲ್ಲರೂ ಸಂತೋಷಪಟ್ಟರು. ನಾನೂ ಪಟ್ಟೆ, ಸ್ವಲ್ಪ ಕಡಿಮೆ. ಏಕೆಂದರೆ ಮುಂದಿನ ಮಳೆಗಾಲದಲ್ಲಿ ಚನ್ನಬಸಪ್ಪ, "ಈಗ ಕಣ್ಣು ಚೆನ್ನಾಗಿದೆ, ಜೋಗ ಇನ್ನೊಮ್ಮೆ ನೋಡಿ ಬರೋಣ" ಎಂದು ಅವರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದ. ಅವರು ಮರಳುವ ದಿನ ನಾನೂ ಗಿರಿಜೆಯೂ ಸೊರಬದಲ್ಲಿದ್ದೆವು. ಪರೀಕ್ಷೆಯ ಫಲಿತಾಂಶಕ್ಕೆ ಹುಡುಗರು ಯಾಕೆ ಹಾಗೆ ಬಿಳುಚಿಕೊಳ್ಳುತ್ತಾರೆ ಎಂದು ಅಂದು ನನಗೆ ತಿಳಿಯಿತು.

ಅತ್ತೆ ಬಂದು ಜಗಲಿಯ ಮೇಲೆ ಕುಳಿತರು. ಚನ್ನಬಸಪ್ಪನ ಮುಖ ಸೋತಿತ್ತು.

"ಹೆಂಗಿತ್ತಮ್ಮ ಜೋಗ?" ಎಂದಳು ಗಿರಿಜೆ.

"ಏನಿತ್ತು? ಬೆಳಿಗ್ಗೆಯಿಂದ ಸಂಜೆವರೆಗೂ ಮಂಜು ಕವಿದಿತ್ತು. ಸದ್ದು ಕೇಳಿಸ್ತು, ನೀರು ಕಾಣಲಿಲ್ಲ." ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಒಂದು ಹಕ್ಕಿನೂ ಇರ್ಲಿಲ್ಲ."

ಆಮೇಲೆ ಅವರು ಕನ್ನಡಕ ಹಾಕಿಕೊಂಡು, ಮದುವೆಯಾದಂದಿನಿಂದ ಮೊದಲ ಸಲ, ನನ್ನ ಮುಖವನ್ನೇ ನೋಡಿ ಮಾತಾಡಿದರು.

"ಅಳಿಯಂದಿರೇ, ಪೊರೆ ಬಂದಿದ್ದು ಕಣ್ಣಿಗೆ. ಮೂಗಿಗಲ್ಲ."

ನಾನು ಗಿರಿಜೆಯ ಕಡೆ ತಿರುಗಿದರೆ ಅವಳು ಆಗಲೇ ಮುಖಕ್ಕೆ ಸೆರಗು ಮುಚ್ಚಿಕೊಂಡಿದ್ದಳು.

"ಈ ಮಳೆಗಾಲ ಮುಗಿಯೋದ್ರೊಳಗೆ" ಎಂದರು ಅತ್ತೆ, "ಆ ನಿಮ್ಮ ಜೋಗಕ್ಕೇ ಇನ್ನೊಮ್ಮೆ ಕರ್ಕೊಂಡು ಹೋಗಿ. ಕನ್ನಡಕ ಹಾಕ್ಕೊಂಡು ರಾಜನ್ನ ನೋಡ್ಬೇಕು."

ಮುಂದಿನ ಭಾನುವಾರ ಹೋದೆವು. ಕೋಟನ್ನು ಮನೆಯಲ್ಲೇ ಬಿಟ್ಟು ಛತ್ರಿ ತೆಗೆದುಕೊಂಡೆ. ಕಾರು ಹತ್ತಿದಾಗ ಬುಡೇನ್ ಸಾಬ್ ಎಲ್ಲಿಗೆ ಎಂದು ಕೇಳಲಿಲ್ಲ.