ತುಪ್ಪಟ ಕಳೆದುಕೊಂಡ ದೊರೆ

ನಮ್ಮ ಮನೆಗೆ ನಾನೇ ಯಜಮಾನ ಎಂದು ಊರಿನವರು ಇಂದಿಗೂ ತಿಳಿದಿದ್ದಾರೆ. ತಪ್ಪು! ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ನಿಜವಾದ ಯಜಮಾನ ಬೇರೊಬ್ಬನಿದ್ದ. ಎತ್ತರ ಗೇಣುದ್ದ, ಮೈತುಂಬ ಹತ್ತಿಯಂಥ ಬಿಳಿ ಕೂದಲು, ಬೆನ್ನ ಮೇಲೆ ಸುರುಳಿ ಸುತ್ತಿದ ಬಾಲ. ಪಮೇರಿಯನ್ ಜಾತಿಯ ನಾಯಿಯಂತೆ. ತಾನು ನಾಯಿ ಎಂಬ ಸುದ್ದಿ ಅವನೊಬ್ಬನಿಗೆ ಮಾತ್ರ ತಲುಪಿರಲಿಲ್ಲ! ನಾವೆಲ್ಲ ಅವನನ್ನು ದೊರೆ ಎನ್ನುತ್ತಿದ್ದೆವು.

ಅವನು ಬಂದದ್ದು ನನ್ನ ಮೊಮ್ಮಗಳ ಕಾರಣಕ್ಕೆ. ಎರಡು ವರ್ಷ ತುಂಬಿದರೂ ಕೂಸು ಎದ್ದು ಒಂದು ಹೆಜ್ಜೆ ಇಟ್ಟಿರಲಿಲ್ಲ. ಮಧುಗಿರಿಯ ಡಾಕ್ಟರು ಕಾಲು ಹಿಡಿದು ನೋಡಿ, "ಏನೂ ಕೊರತೆಯಿಲ್ಲ, ಅವಳೇ ಮನಸ್ಸು ಮಾಡಬೇಕು" ಎಂದಿದ್ದರು. ಎರಡು ವರ್ಷದವಳಿಗೆ ಮನಸ್ಸು ಮಾಡಿಸುವುದು ಹೇಗೆ ಸ್ವಾಮಿ? ಬಂದವರೆದುರು ನಗುತ್ತಿದ್ದೆವು; ಅವರು ಹೋದ ಮೇಲೆ ಯಾರಿಗೂ ಮುದ್ದೆ ಇಳಿಯುತ್ತಿರಲಿಲ್ಲ. ನಾಯಿಯ ಹಿಂದೆಯಾದರೂ ಓಡಲಿ ಎಂದು ಸೊಸೆಯ ಅಣ್ಣ ದೊರೆಯನ್ನು ಬುಟ್ಟಿಯಲ್ಲಿಟ್ಟುಕೊಂಡು ಕೊಡಿಗೇನಹಳ್ಳಿ ಬಸ್ಸಿನಲ್ಲಿ ಬಂದಿಳಿದ.

ನಮ್ಮದು ಕುರಿ ಸಾಕುವ ಮನೆ. ನಾಯಿ ಎಂದರೆ ಹಟ್ಟಿಯ ಹೊರಗೆ ಮಲಗಿ ತೋಳ ಕಾಯಬೇಕು. ದೊರೆ ಮಲಗಿದ್ದು ನನ್ನ ಕಂಬಳಿಯ ಮೇಲೆ! ಎಲೆ ಬಿದ್ದರೆ ಬೊಗಳುವುದು, ಕಾಗೆ ಕೂತರೆ ಬೊಗಳುವುದು. ಒಮ್ಮೆ ಊರೇ ಹೆದರುವ ನಮ್ಮ ಟಗರಿನ ಎದುರು ನಿಂತು ಎಷ್ಟು ಬೊಗಳಿದನೆಂದರೆ, ಟಗರು ಬೇಸತ್ತು ಹೊರಟುಹೋಯಿತು. ಗೆದ್ದೆನೆಂದು ಇವನು ಮೂರು ದಿನ ಬೀಗಿದ.

"ಏನ್ಲಾ ನಿನ್ ಪೌರುಷ! ತೋಳ ಬಂದ್ರೆ ಏನ್ ಮಾಡೀಯೆ?" ಎಂದಳು ನನ್ನ ಹೆಂಡತಿ.

"ಅಂಗನ್ಬೇಡ ಕಣಮ್ಮಿ. ಅಷ್ಟು ಕೂದ್ಲು ಗಂಟ್ಲಾಗೆ ಸಿಕ್ಕಂಡ್ರೆ ತೋಳ ಉಳಿದಾತಾ?" ಎಂದೆ ನಾನು.

ಇಂಥ ಶೂರ, ಮೊಮ್ಮಗಳಿಗೆ ಮಾತ್ರ ಆಳು. ಅವಳು ಕೂತಲ್ಲಿಂದ ಕೈ ಬೀಸಿದರೆ ಸಾಕು, ಹಾರಿ ಬಂದು ಮಡಿಲಲ್ಲಿ ಬೀಳುತ್ತಿದ್ದ. ನಡೆಯುವುದು ಕಲಿಯಲೆಂದು ಬಡಗಿಯಿಂದ ಮೂರು ಗಾಲಿಯ ಗಾಡಿ ಮಾಡಿಸಿದೆ. ಏನಾಯಿತು ಗೊತ್ತೇ? ದೊರೆ ಅದರ ಮೇಲೆ ಕೂತ, ಕೂಸು ಕೂತಲ್ಲಿಂದಲೇ ತಳ್ಳಿತು. ಓಡಿಸಲು ತಂದ ನಾಯಿ ಅವಳಿಗೆ ಗಟ್ಟಿಯಾಗಿ ಕೂರುವುದನ್ನು ಕಲಿಸಿತು!

ಹೀಗಿರುವಾಗ ಕುರಿಗಳ ತುಪ್ಪಟ, ಅಂದರೆ ಉಣ್ಣೆ, ಕತ್ತರಿಸುವ ದಿನ ಬಂತು. ಕತ್ತರಿಸುವವನು ಪಾವಗಡದ ಕಡೆಯ ಮುದುಕ. ಸೋಡಾ ಬಾಟಲಿಯ ತಳದಂಥ ಕನ್ನಡಕ. ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು, ಕತ್ತರಿ ಆಡಿಸಿ ಆಚೆಗೆ ತಳ್ಳುವನೇ ಹೊರತು ತಲೆ ಎತ್ತುವವನಲ್ಲ. ಎಲ್ಲರ ಗಮನ ಕುರಿಗಳ ಮೇಲಿದ್ದರೆ ದೊರೆ ಸಹಿಸುತ್ತಾನೆಯೇ? ಮರಿಗಳ ನಡುವೆ ನುಗ್ಗಿ ಕೂತ. ನಾನು ಬೆನ್ನು ತಿರುಗಿಸಿ ತುಪ್ಪಟದ ಮೂಟೆ ಕಟ್ಟುತ್ತಿದ್ದೆ.

"ಅಬ್ಬಬ್ಬಾ, ಈ ಮರಿ ತುಪ್ಪಟ ಬೆಣ್ಣೆ ಇದ್ದಂಗೈತೆ! ಎಕ್ಕಡ ಸಿಕ್ತಪ್ಪೋ ನಿಂಗೆ?" ಎಂದ ಮುದುಕ, ತನ್ನ ಕಡೆಯ ತೆಲುಗು ಬೆರೆಸಿ.

"ಎಲ್ಲೂ ಅಲ್ಲ, ನಮ್ ಹಟ್ಟೀದೇ ಕಣಣ್ಣ!" ಎಂದೆ, ತಿರುಗಿಯೂ ನೋಡದೆ, ಹೆಮ್ಮೆಯಿಂದ!

ಬೊಗಳಲಿಲ್ಲವೇ ಎನ್ನುತ್ತೀರಾ? ಎಲ್ಲಿಯ ಬೊಗಳು! ದಿನಾ ಬೆಳಿಗ್ಗೆ ಸೊಸೆ ಬಾಚಣಿಗೆ ಆಡಿಸುವಂತೆ ಇದೂ ಒಂದು ಸೇವೆ ಎಂದುಕೊಂಡು ಕಣ್ಣು ಮುಚ್ಚಿದ್ದ. ಒಂದು ಮಗ್ಗುಲು ಮುಗಿದ ಮೇಲೆ ತಾನೇ ಇನ್ನೊಂದಕ್ಕೆ ಹೊರಳಿದನಂತೆ! ಎದ್ದು ಮೈ ಕೊಡವಿದ. ಕೊಡವಲು ಏನೂ ಉಳಿದಿರಲಿಲ್ಲ. ಮೇಲೆ ಸಿಂಹದ ತಲೆ, ಕೆಳಗೆ ಇಲಿಯ ಮೈ!

"ಅಯ್ಯೋ ದೇವುಡಾ, ನಾಯಾ ಇದು? ಮ್ಯಾ ಅನ್ಲಿಲ್ವಲ್ಲ ಅಂತ ನಂಗೂ ಅನುಮಾನ ಬಂತು ಕಣಪ್ಪಾ!" ಎಂದ ಮುದುಕ.

ದೊರೆ ಒಂದೇ ಓಟಕ್ಕೆ ಮಂಚದ ಕೆಳಗೆ ಸೇರಿದ. ಎರಡು ದಿನ ಹಾಲೂ ಇಲ್ಲ, ಬೊಗಳೂ ಇಲ್ಲ. ಮೊಮ್ಮಗಳು ಕೈ ಬೀಸಿದಳು, ಬರಲಿಲ್ಲ. "ಬಾ, ಬಾ" ಎಂದು ಅತ್ತಳು, ಬರಲಿಲ್ಲ. ಮಾನ ಹೋದವನು ಯಾರ ಮಾತಿಗೆ ಬರುತ್ತಾನೆ?

ಮೂರನೆಯ ದಿನ ಬೆಳಿಗ್ಗೆ ನಾನು ಹೊಸ್ತಿಲಲ್ಲಿ ಕೂತಿದ್ದೆ. ಕೂಸು ಕಂಬ ಹಿಡಿದು ಎದ್ದಿತು. ಮಂಚವನ್ನೇ ನೋಡಿತು. ಕಂಬ ಬಿಟ್ಟಿತು.

ಅಡುಗೆಮನೆಯ ಬಾಗಿಲಿಗೆ ಬಂದ ಸೊಸೆ "ಮಾವಾ..." ಎಂದಳು. ಸುಮ್ಮನಿರು ಎಂದು ಕೈ ತೋರಿದೆ. ನಾನು ಎಣಿಸುತ್ತಿದ್ದೆ. ಒಂದು, ಎರಡು, ಮೂರು, ನಾಲ್ಕು. ಮುಸ್ಸಂಜೆಯಲ್ಲಿ ನೂರು ಕುರಿ ಹಟ್ಟಿಗೆ ನುಗ್ಗಿದರೂ ಎಣಿಕೆ ತಪ್ಪದವನು ನಾನು. ಐದನೆಯ ಹೆಜ್ಜೆ ನೀರು ತುಂಬಿದ ನನ್ನ ಕಣ್ಣಿಗೆ ಕಾಣಲಿಲ್ಲ.