ಮೂರು ದಿನದ ಒಳ್ಳೆಯ ವಿಚಾರ

ಕೆಟ್ಟ ವಿಚಾರ ಮಾಡಬಾರದು ಎಂಬ ವಿದ್ಯೆಯನ್ನು ನಾನು ಕಲಿತದ್ದು ಬೀದರಿನ ಗಾಂಧಿ ಗಂಜ್ ಪೇಟೆಯಲ್ಲಿ, ಒಂದು ಅಂಗಡಿಯ ಗೋಡೆಗೆ ಸಿಮೆಂಟಿನ ಗಿಲಾವು ಮಾಡುತ್ತ. ಪಕ್ಕದ ಸಭೆಯಲ್ಲಿ ಯಾರೋ ಮೈಕಿನಲ್ಲಿ, "ಕೆಟ್ಟದ್ದು ಮನಸ್ಸಿಗೆ ಬಂದರೆ ಒಳ್ಳೆಯದನ್ನು ಯೋಚಿಸಿ, ಅದು ತಾನೇ ಓಡುತ್ತದೆ" ಎನ್ನುತ್ತಿದ್ದರು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ, ಗೋಡೆ ಕಟ್ಟುವ ಗೌಂಡಿ ನಾನು. ಪುಕ್ಕಟೆ ಸಿಕ್ಕ ವಿದ್ಯೆಯನ್ನು ಬಿಡುವವನಲ್ಲ.

ಅದು ಬೇಕಾಗಿಯೂ ಇತ್ತು. ಮಳೆ ಕೈಕೊಟ್ಟ ಎರಡನೇ ವರ್ಷ. ನಮ್ಮೂರು ಮೆಹಕರದ ಓಣಿಯವರೆಲ್ಲ ಹೈದರಾಬಾದು, ಪುಣೆ ಎಂದು ದುಡಿಯಲು ಹೋಗಿ, ಬಾಗಿಲುಗಳಿಗೆಲ್ಲ ಬೀಗ ಬಿದ್ದು, ನಾನೂ ನನ್ನ ಹೆಂಡತಿ ಕಮಳಾಬಾಯಿಯೂ ಮಾತ್ರ ಉಳಿದಿದ್ದೆವು. ಮಟಮಟ ಮಧ್ಯಾಹ್ನ ನಾನು ಕೆಮ್ಮಿದರೆ ಓಣಿಯ ಆ ತುದಿಯಲ್ಲಿ ಇನ್ನೊಬ್ಬರು ಕೆಮ್ಮಿದಂತೆ ಕೇಳುತ್ತಿತ್ತು. ಒಂದು ದಿನ ನಾನು ಕೆಮ್ಮದೆಯೇ ಕೇಳಿತು.

ಕೇಳಿದ್ದು ಬೀಗ ಹಾಕಿದ್ದ ಮಾಣಿಕನ ಮನೆಯೊಳಗಿಂದ. ಮಾಣಿಕ ನನ್ನ ಬಾಲ್ಯದ ಗೆಳೆಯ. ಹೈದರಾಬಾದಿಗೆ ಹೊರಟ ದಿನ, "ನೀನೂ ನಡಿಯೋ ಗೌಂಡ್ಯಾ, ಗರ್ವ ಹೊಟ್ಟಿ ತುಂಬಸ್ತದೇನು?" ಎಂದಿದ್ದ. ಜಗಳವಾಯಿತು. ನಮ್ಮಲ್ಲಿ ಹೊರಡುವವರು 'ಹೋಗ್ತೇನಿ' ಎನ್ನುವುದಿಲ್ಲ. 'ಬರ್ತೇನಿ' ಎನ್ನುತ್ತಾರೆ, ಉಳಿದವರು 'ಬಾ' ಎನ್ನಬೇಕು. ಅವನು ಸರಿಯಾಗಿಯೇ "ಬರ್ತೇನಿ" ಅಂದ. ಸಿಟ್ಟಿನಲ್ಲಿ ನಾನು "ಹೋಗು" ಅಂದೆ.

ಹಾಗೆಯೇ ಸತ್ತು ಹೋಗಿಯೇಬಿಟ್ಟನೇನೋ, ಈಗ ದೆವ್ವವಾಗಿ ಕೇಳಲು ಬಂದಿದ್ದಾನೇನೋ ಎಂದುಕೊಂಡೆ. ಕೂಡಲೇ ಒಳ್ಳೆಯದನ್ನು ಯೋಚಿಸಿದೆ.

"ಯಾರೋ ಕೆಮ್ಮತಾರ್ರಿ," ಎಂದಳು ಕಮಳಾಬಾಯಿ.

"ಇಲಿ."

"ಇಲಿ ಕೆಮ್ಮತಾವೇನ್ರಿ?"

"ಇಷ್ಟು ಧೂಳಿನಾಗ ಅವಕ್ಕೂ ಬರ್ತದ."

ಮರುದಿನ ಒಳಗೆ ಕೊಡ ಸರಿದ ಸದ್ದು. ಗಾಳಿ ಎಂದುಕೊಂಡೆ. ಬೇವಿನ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಗಾಳಿ ಮನೆಯೊಳಗಷ್ಟೇ ಬೀಸುತ್ತಿರಬೇಕು ಎಂದುಕೊಂಡೆ. ಮೂರನೆಯ ದಿನ ಬೀಗದ ಹಿಂದಿನಿಂದ ಸಣ್ಣಗೆ, "ಗೌಂಡ್ಯಾ..." ಮಾಣಿಕನದೇ ದನಿ. ಪಾಪ, ಸತ್ತ ಮೇಲೂ ನನ್ನನ್ನು ಮರೆತಿಲ್ಲ ಎಂದು ಒಳ್ಳೆಯದನ್ನೇ ಯೋಚಿಸಿದೆ.

ಕಮಳಾಬಾಯಿ ನನ್ನ ಚೀಲದಿಂದ ಸುತ್ತಿಗೆ ತೆಗೆದಳು. "ನಿಮ್ಮ ಒಳ್ಳೇ ವಿಚಾರ ನೀವೇ ಇಟ್ಕೋರಿ. ಅಲ್ಲಿ ಮನಷ್ಯಾ ಸಾಯ್ಲತಾನ!"

ನಾಲ್ಕೇ ಏಟಿಗೆ ಬೀಗ ಒಡೆಯಿತು. ಒಳಗೆ ಕಂಬಳಿಯ ಮೇಲೆ ಮಾಣಿಕ, ಮೈ ಕೆಂಡ. ಜ್ವರ ಹತ್ತಿ ಊರಿಗೆ ಮರಳಿ, ಹಿತ್ತಲ ಗೋಡೆ ಹಾರಿ ಒಳಗೆ ಬಿದ್ದುಕೊಂಡಿದ್ದ.

"ಮುಂದಿನ ಬಾಗಲದಿಂದ ಯಾಕ ಬರ್ಲಿಲ್ಲೋ? ನಮ್ಮನಿಗ್ಯಾಕ ಬರ್ಲಿಲ್ಲ?" ಎಂದೆ.

"ನೀ ಬಾ ಅಂದಿದ್ದಿಲ್ಲಲ್ಲ."

ಅವನ ಮನೆಯಲ್ಲೇ ನಿಂತು ಅವನಿಗೆ "ಬಾ" ಅಂದೆ. ನಗಲು ಹೋಗಿ ಕೆಮ್ಮಿದ.

ಯಾರದೋ ಜೀಪಿನಲ್ಲಿ ಭಾಲ್ಕಿಯ ದವಾಖಾನೆಗೆ ಒಯ್ದೆವು. ಡಾಕ್ಟರು ಸಲಾಯಿನ್ ಹಚ್ಚಿ, "ಉಳೀತಾನ. ನಾಳೆ ತಂದಿದ್ರ ಹೇಳ್ಲಿಕ್ಕ ಬರ್ತಿದ್ದಿಲ್ಲ. ಕೆಮ್ಮು ಎಷ್ಟು ದಿನದ್ದು?" ಎಂದರು.

"ಮೂರು ದಿನದ್ದು ಸಾಹೇಬ್ರ. ನಾನೇ ಕೇಳೀನ್ರಿ."

"ಕೇಳಿ ಏನ್ ಮಾಡ್ದಿ?"

"ಒಳ್ಳೇದು ವಿಚಾರ ಮಾಡ್ದೆ ರೀ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಆಮೇಲೆ ಗುಳಿಗೆಯ ಚೀಟಿಯನ್ನು ಕಮಳಾಬಾಯಿಯ ಕೈಗೆ ಕೊಟ್ಟರು.