ಅತ್ತೆಯವರ ನಿಧನದ ಬಗ್ಗೆ ಕಂಪ್ಯೂಟರ್ ಆಜ್ಞೆಗೆ ಒಂದು ದೂರು

‘ಸೆಟ್ ಆಟ್ರಿಬ್ಯೂಟ್’ ಎಂಬ ಹೆಸರಿನಿಂದ ಕಂಪ್ಯೂಟರ್ ಲೋಕದಲ್ಲಿ ವಿಖ್ಯಾತರಾದ ಆಜ್ಞೆಯವರ ಸನ್ನಿಧಿಗೆ, ಊರ ಗ್ರಂಥಾಲಯದ ಗುಮಾಸ್ತನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನಾವೂ ಕ್ಷೇಮವೇ, ಕಡತದ ಪ್ರಕಾರ ಮಾತ್ರ ನಾವು ಆರುನೂರ ಹನ್ನೆರಡು ಮಂದಿ ತೀರಿಕೊಂಡಿದ್ದೇವೆ.

ನಮ್ಮ ಸದಸ್ಯರ ಪಟ್ಟಿ ಎಕ್ಸ್‌ಎಂಎಲ್ ಎಂಬ ಬಗೆಯ ಕಂಪ್ಯೂಟರ್ ಕಡತದಲ್ಲಿದೆ. ಅದರಲ್ಲಿ ಪ್ರತಿ ಸದಸ್ಯರಿಗೂ ಒಂದು ಅಂಶ, ಎಂದರೆ ಒಂದು ಖಾನೆ. ಆ ಅಂಶಕ್ಕೆ ಹೆಸರು, ವಿಳಾಸ ಮುಂತಾದ ವಿವರಗಳನ್ನು ಚೀಟಿಯಂತೆ ಅಂಟಿಸುವುದು ತಮ್ಮ ಕೆಲಸ. ಈ ವರ್ಷ ‘ನಿಧನ’ ಎಂಬ ಹೊಸ ವಿವರವೂ ಇರಲೆಂದು ಗ್ರಂಥಪಾಲಕರು ಹೇಳಿದ್ದರಿಂದ, ಬದುಕಿರುವವರಿಗೆಲ್ಲ ‘ನಿಧನ: ಇಲ್ಲ’ ಎಂಬ ಚೀಟಿ ಅಂಟಿಸಬೇಕೆಂದು ನಾಲ್ಕು ಸಾಲಿನ ಸ್ಕ್ರಿಪ್ಟ್, ಎಂದರೆ ಕಂಪ್ಯೂಟರಿಗೊಂದು ಆದೇಶಪಟ್ಟಿ, ಬರೆದು ತಮ್ಮನ್ನು ಬೇಡಿಕೊಂಡೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅಂಟಿಸಿದಿರಿ. ಆದರೆ ಸಂತಾಪ ಪತ್ರ ಕಳಿಸಿ ಸದಸ್ಯತ್ವ ರದ್ದು ಮಾಡುವ ಇನ್ನೊಂದು ಸ್ಕ್ರಿಪ್ಟ್, ‘ನಿಧನ’ದ ಚೀಟಿ ಇದೆಯೇ ಎಂದಷ್ಟೇ ನೋಡುತ್ತದೆ, ಅದರಲ್ಲಿ ಏನು ಬರೆದಿದೆಯೆಂದು ಓದುವುದಿಲ್ಲ. ಅದನ್ನು ಬರೆದವನೂ ನಾನೇ ಎಂಬ ಕ್ಷುಲ್ಲಕ ಸಂಗತಿಯನ್ನು ಇಲ್ಲಿ ಎತ್ತುವುದು ಬೇಡ. ಅನುಭವಸ್ಥರಾದ ತಾವು ಒಮ್ಮೆ ಕೆಮ್ಮಿಯಾದರೂ ಎಚ್ಚರಿಸಬಹುದಿತ್ತು.

ಮರುದಿನ ಬೆಳಿಗ್ಗೆಯೇ, ಮೊಬೈಲಿಗೆ ಬಂದ ಸಂತಾಪ ಪತ್ರ ಓದಿದ ಒಬ್ಬ ಗೃಹಿಣಿ ಫೋನ್ ಮಾಡಿ, “ನಮ್ಮೆಜಮಾನ್ರು ಇಲ್ಲೇ ಕೂತು ಚಹಾ ಕುಡೀತಾ ಇದಾರೆ, ನಿಲ್ಸೋಕೆ ಹೇಳ್ಲಾ?” ಎಂದು ವಿಚಾರಿಸಿದರು. ಅವರ ಕ್ಷಮೆಯನ್ನು ಹೇಗೋ ಕೇಳಿಕೊಂಡೆ. ನಮ್ಮ ಮನೆಯಲ್ಲಿ ಅದು ನಡೆಯಲಿಲ್ಲ.

ನಮ್ಮ ಜೊತೆಯಲ್ಲೇ ಇರುವ ನನ್ನ ಅತ್ತೆಯವರು ಒಂದು ಪತ್ತೇದಾರಿ ಕಾದಂಬರಿಯ ಮೂರನೆಯ ಭಾಗಕ್ಕಾಗಿ ನಾಲ್ಕು ತಿಂಗಳಿಂದ ಸರದಿಯಲ್ಲಿದ್ದರು. ಮುಂದಿನ ವಾರ ಅವರ ಕಣ್ಣಿನ ಶಸ್ತ್ರಚಿಕಿತ್ಸೆ. ಅಷ್ಟರೊಳಗೆ ಕೊಲೆಗಾರ ಯಾರೆಂದು ತಿಳಿಯಲೇಬೇಕೆಂದು ದಿನ ಎಣಿಸುತ್ತಿದ್ದರು. ಸರದಿ ಬಂದ ದಿನವೇ ಅವರು ಸತ್ತಿದ್ದರಿಂದ ಪುಸ್ತಕ ಮುಂದಿನವರ ಪಾಲಾಯಿತು. ಅಂದಿನಿಂದ ನಾನು ತಟ್ಟೆ ಇಟ್ಟರೆ, “ಸತ್ತೋರಿಗೆ ಯಾಕಪ್ಪ ಬಡಿಸ್ತೀಯ?” ಎಂದು ಗೋಡೆಯ ಕಡೆ ತಿರುಗುತ್ತಾರೆ. ನಗು ಬರುವ ಮಾತೇ; ಆದರೆ ಆ ಮಸುಕುಗಣ್ಣುಗಳನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಆದ್ದರಿಂದ, ಏನು ಹೇಳಿದರೂ ಮರುಮಾತಿಲ್ಲದೆ ಮಾಡುವ ತಮ್ಮ ವಿಧೇಯತೆಯನ್ನು ಕೊಂಡಾಡುತ್ತಲೇ ಕೇಳಿಕೊಳ್ಳುವುದೇನೆಂದರೆ, ದಯಮಾಡಿ ತಾವೇ ಒಮ್ಮೆ ನಮ್ಮ ಮನೆಗೆ ಬಂದು, ಅತ್ತೆಯವರಿಗೆ ‘ಕೋಪ: ಇಲ್ಲ’ ಎಂಬ ಚೀಟಿ ಅಂಟಿಸಿ ಹೋಗಬೇಕು. ಆಗ ಬಾಗಿಲ ಬಳಿ ನಾನಿರುವುದಿಲ್ಲ, ಅಷ್ಟು ಧೈರ್ಯ ನನಗಿಲ್ಲ.

ನಿನ್ನೆ ಅವರು ಹೊಸ ಸದಸ್ಯತ್ವಕ್ಕೆ ಅರ್ಜಿ ತುಂಬಿದರು. ಹಿಂದಿನ ಸದಸ್ಯತ್ವ ರದ್ದಾಗಲು ಕಾರಣವೇನೆಂಬಲ್ಲಿ ದಪ್ಪ ಅಕ್ಷರದಲ್ಲಿ, ‘ನನ್ನ ಸಾವು’ ಎಂದು ಬರೆದು, ಕೆಳಗೆ, ‘ಸಾವಿಗೆ ಕಾರಣ: ಅಳಿಯ’ ಎಂದು ಸೇರಿಸಿದ್ದಾರೆ. ವಿವರಗಳು ಸರಿಯಾಗಿವೆಯೆಂದು ದೃಢೀಕರಿಸಿ ಸಹಿ ಹಾಕಬೇಕಾದ ಗುಮಾಸ್ತ ನಾನೇ. ಹಾಕಿದೆ.

ಕಡತದಲ್ಲಿ ಬದುಕಿಲ್ಲದಿದ್ದರೂ ಕೆಲಸಕ್ಕೆ ಹಾಜರಿರುವ,
ತಮ್ಮ ವಿಶ್ವಾಸಿ,
ಗುಮಾಸ್ತ

ತಾ.ಕ.: ‘ರಿಮೂವ್ ಆಟ್ರಿಬ್ಯೂಟ್’ ಎಂಬ ತಮ್ಮ ಸಹೋದರರ ಕೃಪೆಯಿಂದ ಆರುನೂರ ಹನ್ನೊಂದು ಮಂದಿಯ ಚೀಟಿ ಕಿತ್ತಾಯಿತು. ನನ್ನದೊಂದನ್ನು ಬಿಟ್ಟಿದ್ದೇನೆ. ಮೂರನೆಯ ಭಾಗ ಮನೆಗೆ ಬರುವವರೆಗೆ ಅದನ್ನು ಮುಟ್ಟಕೂಡದೆಂದು ಅತ್ತೆಯವರ ಆಜ್ಞೆ. ಆ ಆಜ್ಞೆಯನ್ನು ಹಿಂತೆಗೆಯುವ ಸಹೋದರರು ಯಾರೂ ಇಲ್ಲ.